ಬಿಲ್ ಕೈಯಲ್ಲಿದ್ದರೂ ಅಂಗಡಿ ಬಾಗಿಲಲ್ಲಿ ಅಲಾರಂ ಕೂಗೋದು ಯಾಕೆ?

ಜಾಜಿ_ಜಯನಗರ
ಅಪ್ಪ ತುಮಕೂರಿನಿಂದ ಬಂದಿದ್ದರು. ಭಾನುವಾರ ಸಂಜೆ ಅವರನ್ನು ಜಯನಗರ 4ನೇ ಬ್ಲಾಕ್ ಹತ್ತಿರದ ಒಂದು ದೊಡ್ಡ ಬಟ್ಟೆ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅಂಗಡಿ ಹೆಸರು ಬೇಡ. ಎರಡು ಶರ್ಟ್ ತೆಗೆದುಕೊಂಡೆವು, ದುಡ್ಡು ಕಟ್ಟಿದೆವು. ಹೊರಗೆ ಬರುವಾಗ ಬಾಗಿಲ ಎರಡೂ ಕಡೆ ನಿಂತಿರುತ್ತಲ್ಲ ಬಿಳಿ ಕಂಬ, ಅದು ಕೆಂಪು ದೀಪ ಹಾಕಿಕೊಂಡು ಕಿರುಚೋಕೆ ಶುರು ಮಾಡಿತು.

ಸೆಕ್ಯುರಿಟಿ ಬಿಲ್ ನೋಡಿದ, ಶರ್ಟ್ ನೋಡಿದ. ಎಲ್ಲ ಸರಿ ಇತ್ತು. ಕವರನ್ನು ನನ್ನ ಕೈಗೆ ಕೊಟ್ಟು ದಾಟಿಸಿದ, ಸದ್ದಿಲ್ಲ. ಅಪ್ಪ ದಾಟಿದರು, ಮತ್ತೆ ಕೂಗು. ಆಮೇಲೆ ಅಪ್ಪನ ಕೈಚೀಲವನ್ನು ಟೇಬಲ್ ಮೇಲೆ ಸುರಿಸಿದರು. ಕನ್ನಡಕದ ಡಬ್ಬಿ, ಬಿಪಿ ಮಾತ್ರೆ, ನಾಲ್ಕು ಮಡಿಕೆಯ ಪೇಪರ್, ಬಸ್ಸಿಗೆಂದು ಇಟ್ಟುಕೊಂಡಿದ್ದ ಬಾಳೆಹಣ್ಣು. ಬಿಲ್ಲಿಂಗ್ ಕ್ಯೂನಲ್ಲಿದ್ದವರೆಲ್ಲ ಕತ್ತು ತಿರುಗಿಸಿ ನೋಡುತ್ತಿದ್ದರು. ಏನೂ ಸಿಗಲಿಲ್ಲ. "ಸರಿ ಹೋಗಿ" ಅಂದರು, ಅಷ್ಟೇ. "ಸಾರಿ" ಅಂತ ಒಂದು ಮಾತೂ ಇಲ್ಲ. ರಿಟೈರ್ಡ್ ಮೇಷ್ಟ್ರು ಅವರು, ದಾರಿಯುದ್ದಕ್ಕೂ ಮಾತೇ ಆಡಲಿಲ್ಲ.

ವಿಚಿತ್ರ ಏನು ಗೊತ್ತಾ? ಅದೇ ರಸ್ತೆಯಲ್ಲಿ ಇನ್ನೊಂದು ಅಂಗಡಿಗೆ ಹೋದೆವು. ಅಲ್ಲಿ ಒಳಗೆ ಕಾಲಿಡುವಾಗಲೇ ಕೂಗಿತು! ಇದು ಯಾಕೆ ಹೀಗಾಗುತ್ತೆ? ಮತ್ತೆ, ಚೀಲ ಸುರಿಸಿ ನೋಡುವ ಹಕ್ಕು ಅವರಿಗೆ ಇದೆಯಾ?

ಬೈಟು ಕಾಫಿ
ಒಳಗೆ ಹೋಗುವಾಗಲೇ ಕೂಗಿತು ಅಂದರೆ ಅರ್ಧ ಉತ್ತರ ಸಿಕ್ಕಿತು. ನಿಮ್ಮಪ್ಪನ ಹತ್ತಿರ ಹಳೇ ಅಂಗಡಿಯ ಟ್ಯಾಗ್ (ಕಳ್ಳತನ ತಡೆಯೋಕೆ ಸಾಮಾನಿಗೆ ಹಾಕುವ ಪಟ್ಟಿ) ಒಂದು ಇನ್ನೂ ಜೀವಂತ ಇದೆ. ಚಪ್ಪಲಿ, ಪರ್ಸ್, ಕೊಡೆ, ಒಳಗಿನ ಬನಿಯನ್ ಪಟ್ಟಿ ಎಲ್ಲ ನೋಡಿ.

ತಿಂಡಿಪೋತ
ಬೆಲ್ಟ್ ಬಕಲ್ ಇರಬೇಕು ಅಕ್ಕ. ಮೆಟ್ರೋ ಸ್ಟೇಷನ್‌ನಲ್ಲಿ ನನಗೂ ಯಾವಾಗಲೂ ಕೂಗುತ್ತೆ.

ಸರ್ಕ್ಯೂಟ್ ಸೀನ
@ತಿಂಡಿಪೋತ ಅದೇ ಬೇರೆ, ಇದೇ ಬೇರೆ ಗುರು. ಮೆಟ್ರೋದಲ್ಲಿರೋದು ಲೋಹ ಹುಡುಕುವ ಚೌಕಟ್ಟು. ಬಕಲ್, ಕೀ, ಚಿಲ್ಲರೆ ಎಲ್ಲಕ್ಕೂ ಕೂಗುತ್ತೆ. ಅಂಗಡಿ ಕಂಬ ಲೋಹ ಹುಡುಕಲ್ಲ. ಅದಕ್ಕೆ ಬೇಕಾಗಿರೋದು ಟ್ಯಾಗ್ ಒಂದೇ.

ಸ್ವಲ್ಪ ಉದ್ದ ಬರೀತೀನಿ, ಬೇಡ ಅನಿಸಿದರೆ ಕೆಳಗೆ ಹಾರಿ.

ನಮ್ಮಲ್ಲಿ ಜಾಸ್ತಿ ಇರೋದು ಎರಡು ಥರ. ಒಂದು ಎಎಂ, ಅಂದರೆ ಅಕೌಸ್ಟೋ ಮ್ಯಾಗ್ನೆಟಿಕ್. ಇದು 58 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತೆ. ಬಿಳಿ ಪ್ಲಾಸ್ಟಿಕ್ಕಿನ, ಕಿರುಬೆರಳಿಗಿಂತ ಚಿಕ್ಕದಾದ ಉಬ್ಬಿದ ಪಟ್ಟಿ ನೋಡಿರುತ್ತೀರಿ, ಮೇಲೆ ಸುಳ್ಳು ಬಾರ್‌ಕೋಡ್ ಬೇರೆ ಅಚ್ಚಾಗಿರುತ್ತೆ. ಅದನ್ನು ಕತ್ತರಿಸಿದರೆ ಒಳಗೆ ಕಾಗದದಷ್ಟು ತೆಳು ಹೊಳೆಯುವ ಲೋಹದ ಪಟ್ಟಿಗಳು ಸಡಿಲವಾಗಿ ಅಲ್ಲಾಡುತ್ತವೆ, ಜೊತೆಗೆ ಒಂದು ಅಯಸ್ಕಾಂತದ ಪಟ್ಟಿ. ಕಂಬ ಒಂದು ಕ್ಷಣ ಅಲೆ ಕಳಿಸಿ ಸುಮ್ಮನಾಗುತ್ತೆ. ಗುಡಿಯ ಗಂಟೆ ಹೊಡೆದು ಬಿಟ್ಟಮೇಲೂ ಗುಂಯ್ ಅನ್ನುತ್ತಲ್ಲ, ಹಾಗೆ ಆ ಪಟ್ಟಿ ಇನ್ನೂ ಅದುರುತ್ತಾ ಇರುತ್ತೆ. ಆ ಅದುರನ್ನೇ ಕಂಬ ಕೇಳಿಸಿಕೊಳ್ಳೋದು. ಸೆಕೆಂಡಿಗೆ ಹತ್ತಾರು ಸಲ ಇದೇ ಆಟ ನಡೆಯುತ್ತೆ.

ಎರಡನೆಯದು ಆರ್‌ಎಫ್, ಅಂದರೆ ರೇಡಿಯೋ ಫ್ರೀಕ್ವೆನ್ಸಿ. 8.2 ಮೆಗಾಹರ್ಟ್ಸ್. ಚೌಕದ ಸ್ಟಿಕ್ಕರ್, ಬೆಳಕಿಗೆ ಹಿಡಿದರೆ ಒಳಗೆ ಸುತ್ತುಸುತ್ತಾಗಿ ತಂತಿ ಕಾಣುತ್ತೆ. ಅದು ಒಂದು ಕಾಯಿಲ್, ಒಂದು ಕೆಪಾಸಿಟರ್. ಬ್ಯಾಟರಿ ಗೀಟರಿ ಏನೂ ಇಲ್ಲ.

ದುಡ್ಡು ಕಟ್ಟಿದಾಗ ಕೌಂಟರ್‌ನಲ್ಲಿ ಒಂದು ಪ್ಯಾಡ್ ಮೇಲೆ ಸಾಮಾನನ್ನು ಸವರುತ್ತಾರೆ. ಎಎಂ ಆದರೆ ಆ ಅಯಸ್ಕಾಂತದ ಶಕ್ತಿ ಇಳಿದುಹೋಗುತ್ತೆ, ಪಟ್ಟಿ 58ರಲ್ಲಿ ಅದುರೋದು ಬಿಡುತ್ತೆ. ಆರ್‌ಎಫ್ ಆದರೆ ಕೆಪಾಸಿಟರ್ ಶಾರ್ಟ್ ಆಗುತ್ತೆ. ಬೇಗ ಸವರಿದರೆ, ಟ್ಯಾಗ್ ಅಡ್ಡಡ್ಡ ಇದ್ದರೆ, ನಾಲ್ಕು ಶರ್ಟ್ ಒಟ್ಟಿಗೆ ಪೇರಿಸಿ ಎಳೆದರೆ, ಒಂದೋ ಎರಡೋ ಸಾಯಲ್ಲ. ಅದನ್ನು ನೀವು ತೊಟ್ಟುಕೊಂಡು ಊರೆಲ್ಲ ಸುತ್ತುತ್ತೀರಿ.

ಬೈಟು ಕಾಫಿ
ಮತ್ತೆ ಕೊಂಡ ಅಂಗಡಿಯಲ್ಲೇ ಅವತ್ತೇ ಕೂಗಬೇಕಿತ್ತಲ್ಲ?

ಸರ್ಕ್ಯೂಟ್ ಸೀನ
ಆ ಅಂಗಡಿಯಲ್ಲಿ ಬೇರೆ ಥರದ ಕಂಬ ಇದ್ದಿರಬಹುದು, ಅಥವಾ ಕಂಬವೇ ಇಲ್ಲದೆ ಇರಬಹುದು. ಎಷ್ಟೋ ಕಂಪನಿಗಳು ಫ್ಯಾಕ್ಟರಿಯಲ್ಲೇ ಟ್ಯಾಗ್ ಒಳಗಿಟ್ಟು ಹೊಲಿದು ಕಳಿಸುತ್ತವೆ. ಎಎಂ ಟ್ಯಾಗ್ ಇರುವ ಚಪ್ಪಲಿಯನ್ನು ಮೂಲೆ ಅಂಗಡಿಯವನು ಮಾರಿದರೆ ಅವನಿಗೆ ಅದು ಇರೋದೇ ಗೊತ್ತಿರಲ್ಲ. ಆರ್‌ಎಫ್ ಕಂಬಕ್ಕೆ ಎಎಂ ಟ್ಯಾಗ್ ಕಾಣಲ್ಲ, ಎಎಂ ಕಂಬಕ್ಕೆ ಆರ್‌ಎಫ್ ಕಾಣಲ್ಲ. ಅದಕ್ಕೇ ಒಂದು ಕಡೆ ಕೂಗಿ ಇನ್ನೊಂದು ಕಡೆ ಸುಮ್ಮನಿರೋದು.

ಇನ್ನೊಂದು ಮಜಾ ಇದೆ. ಸತ್ತ ಆರ್‌ಎಫ್ ಸ್ಟಿಕ್ಕರ್ ಬಾಗಿ ಬಳುಕಿ ಆ ಶಾರ್ಟ್ ಬಿಟ್ಟುಕೊಂಡರೆ ಮತ್ತೆ ಎದ್ದು ಕೂರುತ್ತೆ. ಸತ್ತ ಎಎಂ ಪಟ್ಟಿಗೆ ಬಲವಾದ ಅಯಸ್ಕಾಂತ ತಾಗಿದರೂ ಹಾಗೇ ಆಗಬಹುದು. ಈಗಿನ ಬ್ಯಾಗ್ ಬಕಲ್, ಫೋನ್ ಕವರ್ ಎಲ್ಲದರಲ್ಲೂ ಅಯಸ್ಕಾಂತ ಇದೆಯಲ್ಲ.

ನಾಣಿ ಮಾವ
ಅಂದರೆ ಸತ್ತವರೂ ಎದ್ದು ಬಂದು ಮರ್ಯಾದೆ ತೆಗೀತಾರೆ ಅನ್ನಿ.

ಹಳೇ ಸೇಲ್ಸ್‌ಮನ್
ಬಟ್ಟೆ ಅಂಗಡಿಯಲ್ಲಿ ಫ್ಲೋರ್ ಕೆಲಸ ಮಾಡಿದವನು ನಾನು. ಒಳಗಿನ ಕತೆ ಹೇಳ್ತೀನಿ ಕೇಳಿ.

ಕಂಬದ ಪಕ್ಕದಲ್ಲೇ ಆಫರ್ ಸ್ಟ್ಯಾಂಡ್ ಇಡುತ್ತಾರೆ. ಇಡಬಾರದು ಅಂತ ಅದನ್ನು ಹಾಕಿದವನು ಹೇಳಿ ಹೋಗಿರುತ್ತಾನೆ. ಆದರೆ ಮೇಲಿನಿಂದ ಆರ್ಡರ್ ಬರುತ್ತೆ, ಹಬ್ಬದ ಸೇಲ್ ಬಾಗಿಲಲ್ಲೇ ಕಾಣಬೇಕು ಅಂತ. ಆ ಸ್ಟ್ಯಾಂಡ್‌ನಲ್ಲಿರೋ ಶರ್ಟಿಗೆ ಯಾರದೋ ಭುಜ ತಾಗಿ ಅಲ್ಲಾಡಿದರೂ ಸಾಕು, ಕೂಗು. ಆಗ ಬಾಗಿಲು ದಾಟುತ್ತಿದ್ದ ಬಡಪಾಯಿ ಸಿಕ್ಕಿಹಾಕಿಕೊಳ್ಳುತ್ತಾನೆ.

ಕಿತ್ತ ಸ್ಟಿಕ್ಕರ್‌ಗಳನ್ನು ಹುಡುಗರು ನೆಲಕ್ಕೆ ಬಿಸಾಕ್ತಾರೆ. ಯಾರದೋ ಶೂ ಅಡಿಗೆ ಅಂಟಿಕೊಳ್ಳುತ್ತೆ. ಟ್ರಾಲಿ ಚಕ್ರಕ್ಕೂ ಅಂಟಿದ್ದು ನೋಡಿದ್ದೇನೆ. ಇಡೀ ಮಧ್ಯಾಹ್ನ ಒಂದೇ ಟ್ರಾಲಿ ಕೂಗಿದ್ದು, ತಳ್ಳಿಕೊಂಡು ಬಂದವರನ್ನೆಲ್ಲ ನಿಲ್ಲಿಸಿದ್ದು ಇದೆ!

ಆಮೇಲೆ ಏನಾಗುತ್ತೆ ಗೊತ್ತಾ? ದಿನಕ್ಕೆ ಇಷ್ಟು ಸುಳ್ಳು ಕೂಗು ಕೇಳಿ ಕೇಳಿ ಸೆಕ್ಯುರಿಟಿ ತಲೆನೇ ಎತ್ತಲ್ಲ. ಕೈ ಬೀಸಿ "ಹೋಗಿ ಹೋಗಿ" ಅಂತಾನೆ. ಇಲ್ಲದಿದ್ದರೆ ಮುಖ ನೋಡಿ ನಿಲ್ಲಿಸ್ತಾನೆ. ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಇಂಗ್ಲಿಷ್ ಮಾತಾಡಿದವನಿಗೆ ಸಲಾಂ. ಹಳೇ ಕೈಚೀಲ ಹಿಡಿದ ಯಜಮಾನರಿಗೆ ತಪಾಸಣೆ. ಜಾಜಿ ಮೇಡಂ, ನಿಮ್ಮಪ್ಪನಿಗೆ ಆಗಿದ್ದು ಇದೇ.

ಮಂಡ್ಯ ಮೇಡಂ
ಸರಿಯಾಗಿ ಹೇಳಿದಿರಿ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್‌ನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೇ ಬಿಟ್ಟಿರಲಿಲ್ಲ, ನೆನಪಿದೆಯಾ? ಮಗ ಸಿನಿಮಾ ತೋರಿಸೋಕೆ ಕರೆದುಕೊಂಡು ಬಂದಿದ್ದ. ದೊಡ್ಡ ಗಲಾಟೆ ಆಗಿ ಸರ್ಕಾರ ಆ ಮಾಲನ್ನು ಒಂದು ವಾರ ಮುಚ್ಚಿಸ್ತೀವಿ ಅಂತು. ಅಲ್ಲಿ ಯಾವ ಯಂತ್ರವೂ ಕೂಗಿರಲಿಲ್ಲ. ಪಂಚೆ ನೋಡಿಯೇ ತಡೆದರು.

ಚಿಕ್ಕಪೇಟೆ ಶೆಟ್ರು
ಎಲ್ಲರೂ ಅಂಗಡಿಯವರನ್ನೇ ಬೈಯಬೇಡಿ. ಬಟ್ಟೆ ವ್ಯಾಪಾರದಲ್ಲಿ ಉಳಿಯೋದೇ ಕಮ್ಮಿ. ಒಂದು ಸೀರೆ ಕಳುವಾದರೆ ಅದರ ಅಸಲು ಗಿಟ್ಟಬೇಕಾದರೆ ಹತ್ತು ಸೀರೆ ಮಾರಬೇಕು. ಕದಿಯೋರು ಪಂಚೆಯವರಲ್ಲ, ಒಪ್ತೀನಿ. ಒಳ್ಳೇ ಒಡವೆ ಹಾಕಿಕೊಂಡು ಕಾರಲ್ಲಿ ಬರ್ತಾರೆ. ಆದರೆ ಅಲಾರಂ ಕೂಗಿದ ಮೇಲೆ ನೋಡದೆ ಬಿಡಿ ಅಂದರೆ ಹೇಗೆ? ತಪ್ಪು ಮಾಡದವರು ಚೀಲ ತೋರಿಸಿದರೆ ಏನು ಸವೆದುಹೋಗುತ್ತೆ?

ಮಂಡ್ಯ ಮೇಡಂ
ನಿಮ್ಮನೆ ಯಜಮಾನರ ಚೀಲವನ್ನು ಹತ್ತು ಜನರ ಮುಂದೆ ಸುರೀಲಿ, ಆಮೇಲೆ ಹೇಳಿ ಏನು ಸವೆಯಿತು ಅಂತ.

ಬೈಟು ಕಾಫಿ
ಶೆಟ್ರೇ, ನಿಮ್ಮ ಅಂಗಡಿಯಲ್ಲಿ ಕಂಬ ಇದೆಯಾ?

ಚಿಕ್ಕಪೇಟೆ ಶೆಟ್ರು
ಇಲ್ಲ. ನಮ್ಮ ಸೋದರಮಾವ ಬಾಗಿಲಲ್ಲಿ ಕೂತಿರ್ತಾರೆ.

ನಾಣಿ ಮಾವ
ಯಾವ ಫ್ರೀಕ್ವೆನ್ಸಿ?

ವಕೀಲ್ ಸಾಬ್ ವಿಜಯನಗರ
ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ.

ಅಲಾರಂ ಕೂಗಿದ್ದು ಅನುಮಾನಕ್ಕೆ ಕಾರಣ ಆಗಬಹುದು, ಕಳ್ಳತನಕ್ಕೆ ಸಾಕ್ಷಿ ಅಲ್ಲ. ಸೆಕ್ಯುರಿಟಿಯವರು ಪೊಲೀಸರಲ್ಲ. "ಸಾರ್, ಬಿಲ್ ತೋರಿಸ್ತೀರಾ" ಅಂತ ಕೇಳಬಹುದು. ನೀವು ಒಪ್ಪಿ ಚೀಲ ತೋರಿಸಬಹುದು. ನೀವು ಒಪ್ಪದೆ ಮೈಗೆ ಚೀಲಕ್ಕೆ ಕೈ ಹಾಕುವ ಅಧಿಕಾರ ಅವರಿಗಿಲ್ಲ.

ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹೋಗುವ ದಾರಿಗೆ ಅಡ್ಡ ನಿಂತು ಅಕ್ರಮವಾಗಿ ತಡೆಯೋದು 126ನೇ ಕಲಂ, ಕೂಡಿಹಾಕೋದು 127. ಮೊದಲನೆಯದಕ್ಕೆ 1 ತಿಂಗಳವರೆಗೆ ಸಾದಾ ಸಜೆ ಅಥವಾ 5,000 ರೂ. ವರೆಗೆ ದಂಡ, ಅಥವಾ ಎರಡೂ. ಎರಡನೆಯದಕ್ಕೆ ಸಜೆ 1 ವರ್ಷದವರೆಗೆ ಹೋಗುತ್ತೆ. ಸಾಮಾನ್ಯ ಜನರೂ ಒಬ್ಬನನ್ನು ಹಿಡಿಯಬಹುದು ಅಂತ ನಾಗರಿಕ ಸುರಕ್ಷಾ ಸಂಹಿತೆಯ (ಬಂಧನ, ತನಿಖೆ ಹೇಗೆ ಅಂತ ಹೇಳುವ ಕಾನೂನು) 40ನೇ ಕಲಂ ಹೇಳುತ್ತೆ, ನಿಜ. ಆದರೆ ಅಪರಾಧ ಅವರ ಕಣ್ಣೆದುರಿಗೇ ನಡೆದಿರಬೇಕು, ಅದು ಜಾಮೀನು ಸಿಗದ, ಪೊಲೀಸರು ನೇರವಾಗಿ ಹಿಡಿಯಬಹುದಾದ ಅಪರಾಧ ಆಗಿರಬೇಕು, ಹಿಡಿದ ಮೇಲೆ ಪೊಲೀಸರಿಗೆ ಒಪ್ಪಿಸಬೇಕು. ಕಂಬ ಕಿರುಚಿದ್ದು ಕಣ್ಣೆದುರು ನಡೆದ ಕಳ್ಳತನ ಆಗಲ್ಲ.

ಚಿಕ್ಕಪೇಟೆ ಶೆಟ್ರು
ಹಾಗಾದರೆ ಕಳ್ಳರಿಗೆ ಆರತಿ ಎತ್ತಿ ಕಳಿಸೋಣ್ವಾ ವಕೀಲರೇ?

ವಕೀಲ್ ಸಾಬ್ ವಿಜಯನಗರ
ಬೇಡ ಶೆಟ್ರೇ. ಸಿಸಿ ಕ್ಯಾಮೆರಾ ನೋಡಿ, ಮೆಲ್ಲಗೆ ಕೇಳಿ, ಅನುಮಾನ ಗಟ್ಟಿ ಇದ್ದರೆ 112ಕ್ಕೆ ಫೋನ್ ಮಾಡಿ. ಹೊಸ ಕಾನೂನಿನಲ್ಲಿ 5,000 ರೂ. ಒಳಗಿನ ಕಳ್ಳತನ, ಮೊದಲ ಸಲ ಸಿಕ್ಕಿಬಿದ್ದವನು, ಸಾಮಾನು ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ನಿಜವಾದ ಕಳ್ಳನಿಗೇ ಇಷ್ಟು. ಅಂಥದ್ದರಲ್ಲಿ ಬಿಲ್ ಹಿಡಿದ ಮೇಷ್ಟ್ರನ್ನು ಎಲ್ಲರ ಮುಂದೆ ನಿಲ್ಲಿಸೋದು ಯಾವ ನ್ಯಾಯ?

ಗಸ್ತು
ನನ್ನ ತಮ್ಮ ಒಂದು ಮಾಲ್‌ನಲ್ಲಿ ಸೆಕ್ಯುರಿಟಿ. 12 ಗಂಟೆ ಡ್ಯೂಟಿ, ಕೂರೋಕೆ ಕುರ್ಚಿ ಇಲ್ಲ. ನಿಲ್ಲಿಸಿದರೆ ಕಸ್ಟಮರ್ ಬೈತಾರೆ, ನಿಲ್ಲಿಸದೆ ಏನಾದರೂ ಕಳುವಾದರೆ ಮ್ಯಾನೇಜರ್ ಬೈತಾನೆ. ಅಲಾರಂ ಯಾಕೆ ಕೂಗುತ್ತೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಮೇಲೆ ಬೈಟು ಕಾಫಿ, ಸೀನ ಅವರು ಬರೆದಿದ್ದನ್ನು ಅವನಿಗೆ ಕಳಿಸಿದೆ. "ಒಳಗೆ ಬರುವಾಗಲೇ ಕೂಗಿದರೆ ಅವರು ಕಳ್ಳರಲ್ಲ ಅಂತ ನನಗೆ ಇವತ್ತೇ ಗೊತ್ತಾಗಿದ್ದು" ಅಂದ. ಬೈಯೋದಾದರೆ ಕಂಪನಿಯನ್ನು ಬೈಯಿರಿ.

ಜಾಜಿ_ಜಯನಗರ
ಎಲ್ಲರಿಗೂ ಥ್ಯಾಂಕ್ಸ್. ಸಿಕ್ಕಿತು!

ಅಪ್ಪನ ಚಪ್ಪಲಿ ಬಗ್ಗಿಸಿ ನೋಡಿದೆ, ಕೊಡೆ ಬಿಚ್ಚಿ ನೋಡಿದೆ, ಏನೂ ಇಲ್ಲ. ಕೊನೆಗೆ ಪರ್ಸ್. ತಮ್ಮ ಯುಗಾದಿಗೆ ಕೊಡಿಸಿದ್ದ ಚರ್ಮದ ಪರ್ಸ್ ಅದು, ಆನ್‌ಲೈನ್‌ನಲ್ಲಿ ತರಿಸಿದ್ದು. ಕಾರ್ಡ್ ಇಡುವ ಅರೆಯ ಹಿಂದೆ ಇನ್ನೊಂದು ಸಂದು ಇದೆ, ಬೆರಳು ಹಾಕಿದರೆ ಏನೋ ಗಟ್ಟಿ. ಚಿಮಟದಲ್ಲಿ ಎಳೆದರೆ ಅದೇ ಬಿಳಿ ಪಟ್ಟಿ, ಮೇಲೆ ಬಾರ್‌ಕೋಡ್. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಸಣ್ಣಗೆ ಕಟಕಟ ಅನ್ನುತ್ತೆ. ಅವತ್ತು ಕೈಚೀಲ ಪೂರ್ತಿ ಸುರಿಸಿದರು, ಪರ್ಸ್ ಅಪ್ಪನ ಜೇಬಲ್ಲೇ ಇತ್ತು!

ಸರ್ಕ್ಯೂಟ್ ಸೀನ
ಎಎಂ. ಹೇಳಿದ್ನಲ್ಲ. ಕತ್ತರಿಯಲ್ಲಿ ಅಡ್ಡಡ್ಡ ತುಂಡು ಮಾಡಿ ಬಿಸಾಕಿ, ಪಟ್ಟಿಯ ಉದ್ದ ಬದಲಾದರೆ ಅದುರೋ ಲೆಕ್ಕ ತಪ್ಪುತ್ತೆ. ನೆಲದ ಮೇಲೆ ಬೀಳಿಸಬೇಡಿ, ಇನ್ನೊಬ್ಬರ ಚಪ್ಪಲಿಗೆ ಅಂಟೀತು.

ತಿಂಡಿಪೋತ
ಅಂಗಡಿಯಲ್ಲಿ ಬೆಲ್ಟಿಗೆ ಕೂಗಲ್ಲ ಅನ್ನೋದಾದರೆ, ಮೆಟ್ರೋ ಕಾರ್ಡ್ ಇಂದ ಕೂಗಬಹುದಾ? ಫಾಸ್ಟ್ಯಾಗ್?

ಸರ್ಕ್ಯೂಟ್ ಸೀನ
ಮೆಟ್ರೋ ಕಾರ್ಡ್ 13.56 ಮೆಗಾಹರ್ಟ್ಸ್, ಕೆಲವೇ ಸೆಂಟಿಮೀಟರ್ ದೂರದಿಂದ ಮಾತಾಡುತ್ತೆ. ಅಂಗಡಿ ಕಂಬಕ್ಕೂ ಅದಕ್ಕೂ ಸಂಬಂಧ ಇಲ್ಲ. ಫಾಸ್ಟ್ಯಾಗ್ 865 ಮೆಗಾಹರ್ಟ್ಸ್ ಆಸುಪಾಸು. ಈಗ ಕೆಲವು ಅಂಗಡಿಯಲ್ಲಿ ಅದೇ ಜಾತಿಯ ಆರ್‌ಎಫ್‌ಐಡಿ ಚೀಟಿ ಬಂದಿದೆ. ಡೆಕಾಥ್ಲಾನ್‌ನಲ್ಲಿ ಸಾಮಾನನ್ನೆಲ್ಲ ಡಬ್ಬಿಗೆ ಹಾಕಿದರೆ ಒಂದೇ ಸಲ ಬಿಲ್ ಆಗುತ್ತಲ್ಲ, ಅದು. ಅಲ್ಲಿ ಪ್ರತಿ ಸಾಮಾನಿಗೂ ಒಂದೊಂದು ನಂಬರ್. ದುಡ್ಡು ಕಟ್ಟಿದ ನಂಬರ್ ಯಾವುದು ಅಂತ ಕಂಪ್ಯೂಟರಿಗೆ ಗೊತ್ತಿರುತ್ತೆ. ಬೇರೆ ಅಂಗಡಿಯ ಚೀಟಿ ಅದರ ಪಟ್ಟಿಯಲ್ಲೇ ಇರಲ್ಲ, ಸುಮ್ಮನಿರುತ್ತೆ. ಹಳೇ ಕಂಬಕ್ಕೆ ಅಷ್ಟು ಬುದ್ಧಿ ಇಲ್ಲ. ಇದೆ, ಇಲ್ಲ, ಎರಡೇ ಅದಕ್ಕೆ ಗೊತ್ತು.

ಪುಸ್ತಕದ ಹುಳ
ನಮ್ಮ ಕಾಲೇಜು ಲೈಬ್ರರಿಯಲ್ಲೂ ಇತ್ತು. ಪುಸ್ತಕದ ಬೆನ್ನೊಳಗೆ ಕೂದಲೆಳೆಯಂಥ ಪಟ್ಟಿ ಸೇರಿಸಿರ್ತಿದ್ದರು. ಪುಸ್ತಕ ತೆಗೆದುಕೊಂಡು ಹೋಗುವಾಗ ಸವರಿ ಮಲಗಿಸ್ತಾರೆ, ವಾಪಸ್ ಕೊಟ್ಟಾಗ ಸವರಿ ಎಬ್ಬಿಸ್ತಾರೆ. ಲೈಬ್ರರಿಯನ್ ಮರೆತರೆ ನಾವು ಬಾಗಿಲಲ್ಲಿ ಕಳ್ಳರು.

ಶಾರದಕ್ಕ
ನಮ್ಮನೆಯವರಿಗೆ ಪೇಸ್‌ಮೇಕರ್ ಹಾಕಿದ್ದಾರೆ. ಈ ಕಂಬದ ನಡುವೆ ಹೋಗಬಹುದಾ? ಓದಿ ಭಯ ಆಯ್ತು.

ಡಾಕ್ಟರ್ ಅಲ್ಲ ನರ್ಸ್
ಹೋಗಬಹುದು ಶಾರದಕ್ಕ. ನಿಲ್ಲಬಾರದು, ಒರಗಬಾರದು ಅಷ್ಟೇ. ಮಾಮೂಲಿ ನಡಿಗೆಯಲ್ಲಿ ದಾಟಿಬಿಡಲಿ. ಔಷಧಿ, ವೈದ್ಯಕೀಯ ಸಾಧನಗಳನ್ನು ನೋಡಿಕೊಳ್ಳುವ ಅಮೆರಿಕದ ಎಫ್‌ಡಿಎ 1998ರಲ್ಲೇ ಈ ಸಲಹೆ ಕೊಟ್ಟಿದೆ. ಬಿಲ್ ಹುಡುಕೋಕೆ ಅಂತ ಕಂಬದ ಮಧ್ಯದಲ್ಲೇ ನಿಲ್ಲೋದು ಬೇಡ. ಅಲಾರಂ ಕೂಗಿದರೂ ಮೊದಲು ಆ ಕಡೆಗೆ ದಾಟಿ, ಆಮೇಲೆ ಮಾತು. ಆಸ್ಪತ್ರೆಯವರು ಕೊಟ್ಟ ಕಾರ್ಡ್ ಜೇಬಲ್ಲಿರಲಿ. ಸೆಕ್ಯುರಿಟಿ ನಡುವೆ ನಿಲ್ಲಿಸಿದರೆ ಅದನ್ನು ತೋರಿಸಿ ಪಕ್ಕಕ್ಕೆ ಬರಲಿ. ಅನುಮಾನ ಇದ್ದರೆ ಅವರ ಡಾಕ್ಟರನ್ನೂ ಒಂದು ಮಾತು ಕೇಳಿ.

ಪುಟ್ಟೇನಹಳ್ಳಿ ಪುಟ್ಟ
ಬಟ್ಟೆಗೆ ಹಾಕ್ತಾರಲ್ಲ ದೊಡ್ಡ ಗುಂಡು ಟ್ಯಾಗ್, ಅದನ್ನು ಮನೆಯಲ್ಲಿ ತೆಗೆಯೋಕೆ ಮ್ಯಾಗ್ನೆಟ್ ಎಸ್.ಪಿ. ರೋಡಲ್ಲಿ ಸಿಗುತ್ತಾ?

ಹಳೇ ಸೇಲ್ಸ್‌ಮನ್
ಯಾಕಪ್ಪಾ ಬೇಕು ನಿನಗೆ?

ಪುಟ್ಟೇನಹಳ್ಳಿ ಪುಟ್ಟ
ಅಯ್ಯೋ ಕಳ್ಳ ಅಲ್ಲ ಸಾರ್! ಭಾವ ದುಬೈಯಿಂದ ತಂದ ಜಾಕೆಟ್. ಅಲ್ಲಿ ತೆಗೆಯೋದು ಮರೆತಿದ್ದಾರೆ.

ಹಳೇ ಸೇಲ್ಸ್‌ಮನ್
ಎಳೆದು ಕೀಳಬೇಡ, ಬಟ್ಟೆ ಹರಿಯುತ್ತೆ. ಕೆಲವದರಲ್ಲಿ ಶಾಯಿ ಇರುತ್ತೆ, ಒಡೆದರೆ ಜಾಕೆಟ್ ಕತೆ ಮುಗೀತು. ಅದೇ ಬ್ರ್ಯಾಂಡ್ ಅಂಗಡಿ ಬೆಂಗಳೂರಲ್ಲಿ ಇದ್ದರೆ ಬಿಲ್ ಫೋಟೊ ತರಿಸಿಕೊಂಡು ಹೋಗು. ಒಳಗೆ ಕಾಲಿಡುವಾಗಲೇ ಕೈಯೆತ್ತಿ ಹೇಳಿಬಿಡು, ಟ್ಯಾಗ್ ತೆಗೆಸೋಕೆ ಬಂದಿದ್ದೇನೆ ಅಂತ.

ಇತಿಹಾಸ ಪ್ರಿಯ
ಈ ಟ್ಯಾಗ್, ಕಂಬದ ಹುಟ್ಟು 1960ರ ದಶಕದ ಅಮೆರಿಕದಲ್ಲಿ. ಓಹಾಯೊದಲ್ಲಿ ಸೂಪರ್‌ಮಾರ್ಕೆಟ್ ನೋಡಿಕೊಳ್ಳುತ್ತಿದ್ದ ರೊನಾಲ್ಡ್ ಅಸಾಫ್ ವೈನ್ ಬಾಟಲಿ ಕದ್ದವನ ಹಿಂದೆ ಓಡಿದರಂತೆ, ಸಿಗಲಿಲ್ಲವಂತೆ. ಆ ಸಿಟ್ಟಿನಲ್ಲೇ ಸೆನ್ಸರ್‌ಮ್ಯಾಟಿಕ್ ಕಂಪನಿ ಶುರುವಾಯಿತು ಅಂತ ಕತೆ. ನ್ಯೂಯಾರ್ಕಿನಲ್ಲಿ ಆರ್ಥರ್ ಮಿನಾಸಿ ಕೂಡ ಅದೇ ದಶಕದಲ್ಲಿ ಇಂಥದ್ದೇ ಮಾಡಿದರು.

ನಾಣಿ ಮಾವ
ಅವರು ಓಡಿ ಹಿಡಿದಿದ್ದರೆ ಜಾಜಿ ಅಪ್ಪ ಅವತ್ತು ಬಾಳೆಹಣ್ಣು ತಿಂದುಕೊಂಡು ಬಸ್ ಹತ್ತುತ್ತಿದ್ದರು.

ರಾಜಾಜಿನಗರ ಆಂಟಿ
ಇದೆಲ್ಲ ಇರಲಿ, ಕವರಿಗೆ ಬೇರೆ ದುಡ್ಡು ಕೇಳ್ತಾರಲ್ಲ, ಅದಕ್ಕೆ ಏನು ಹೇಳ್ತೀರಿ? ಅವರ ಅಂಗಡಿ ಹೆಸರು ಅವರ ಕವರ್ ಮೇಲೆ, ದುಡ್ಡು ನಮ್ಮದು.

ವಕೀಲ್ ಸಾಬ್ ವಿಜಯನಗರ
2019ರಲ್ಲಿ ಚಂಡೀಗಢದ ಗ್ರಾಹಕ ವೇದಿಕೆ 3 ರೂ. ಕವರಿಗಾಗಿ ಬಾಟಾ ಕಂಪನಿಗೆ 9,000 ರೂ. ಕಟ್ಟಿಸಿತು ಆಂಟಿ. ದೂರು ಕೊಡಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಾಜಿ ಅವರೇ, ನೀವೂ ಅಲ್ಲಿ ಬರೆಸಬಹುದು. ಬಿಲ್ ಇಟ್ಟುಕೊಳ್ಳಿ, ತಾರೀಖು ಸಮಯ ಬರೆದಿಡಿ. ಅವತ್ತಿನ ಸಿಸಿ ಕ್ಯಾಮೆರಾ ದೃಶ್ಯ ಅಳಿಸಬೇಡಿ ಅಂತ ಅಂಗಡಿಗೆ ಇಮೇಲ್ ಇವತ್ತೇ ಹಾಕಿ. ತಡ ಮಾಡಿದರೆ ಅದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತೆ.

ಜಾಜಿ_ಜಯನಗರ
ಇಮೇಲ್ ಹಾಕಿದೆ. ದುಡ್ಡು ಕೇಳಿಲ್ಲ. "ಅಪ್ಪನಿಗೆ ಫೋನ್ ಮಾಡಿ ಸಾರಿ ಕೇಳಿ, ಟ್ಯಾಗ್ ಎಲ್ಲಿದೆ ಅಂತ ನೋಡೋದು ಹೇಗೆ ಅಂತ ನಿಮ್ಮ ಹುಡುಗರಿಗೆ ಹೇಳಿಕೊಡಿ", ಇಷ್ಟೇ ಬರೆದಿದ್ದೇನೆ. ಅಪ್ಪ "ಬಿಡಮ್ಮ, ಆ ಹುಡುಗನ ಕೆಲಸ ಹೋದೀತು" ಅಂತಿದ್ದಾರೆ. ಹುಡುಗನ ಹೆಸರು ಎತ್ತಿಲ್ಲ, ಮ್ಯಾನೇಜರಿಗೇ ಬರೆದಿದ್ದು.

ಗಸ್ತು
ಒಳ್ಳೇದು ಮಾಡಿದಿರಿ ಮೇಡಂ.

ಚಿಕ್ಕಪೇಟೆ ಶೆಟ್ರು
ಮುಂದಿನ ಸಲ ಅಪ್ಪನನ್ನು ನಮ್ಮ ಅಂಗಡಿಗೆ ಕರೆದುಕೊಂಡು ಬನ್ನಿ. ಕವರ್ ಫ್ರೀ, ಕಾಫಿ ನಮ್ಮದು.

ಬೈಟು ಕಾಫಿ
ಸೋದರಮಾವ ಬಾಗಿಲಲ್ಲಿ ಇರ್ತಾರಾ?

ಚಿಕ್ಕಪೇಟೆ ಶೆಟ್ರು
ಮಧ್ಯಾಹ್ನ ಎರಡರಿಂದ ನಾಲ್ಕು ನಿದ್ದೆ. ಆಗ ಬರಬೇಡಿ.